ಸದ್ದು ಹೆಚ್ಚಲಿ, ಗುಡುಗುಡು ಉಳಿಯಲಿ: ಹಳೆಯ ಮಸಲ್ ಕಾರಿಗೆ ಯಾವ ಎಕ್ಸಾಸ್ಟ್?

ಅಮೆರಿಕದ ಮಿಷಿಗನ್‌ನಲ್ಲಿ ಮೇ ತಿಂಗಳು ಬಂತೆಂದರೆ ಮಸಲ್ ಕಾರುಗಳು, ಅಂದರೆ ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಕಾರುಗಳು, ಇರುವ ಗ್ಯಾರೇಜುಗಳ ಬಾಗಿಲು ತೆರೆಯುತ್ತವೆ, ನನ್ನ ಮೊಬೈಲಿಗೆ ಧ್ವನಿ ಸಂದೇಶಗಳು ಬರತೊಡಗುತ್ತವೆ. ಅರ್ಧ ನಿಮಿಷ ಬರೀ ಎಂಜಿನ್ ಸದ್ದು, ಕೊನೆಯಲ್ಲಿ ಒಂದೇ ಪ್ರಶ್ನೆ: "ಸರ್, ಇದು ಇನ್ನೂ ಜೋರಾಗಬೇಕು, ಆದರೆ ಹಳೆಯ ಕಾರಿನ ಹಾಗೆಯೇ ಕೇಳಬೇಕು. ಏನು ಹಾಕಿಸಲಿ?" ಈ ವರ್ಷ ಹಾಗೆ ಕೇಳಿದವರು ಮೂವರು. ಒಬ್ಬರದು 1970ರ ಶೆವ್ರೊಲೆ ಶೆವೆಲ್. ಇನ್ನೊಬ್ಬರದು ಕ್ಯಾಲಿಫೋರ್ನಿಯಾದಲ್ಲಿರುವ 1966ರ ಫೋರ್ಡ್ ಮಸ್ಟ್ಯಾಂಗ್, 289 ಘನ ಅಂಗುಲದ ಎಂಜಿನ್ನಿನದು. ಮೂರನೆಯವರು ಕಾರನ್ನೇ ಕೊಂಡಿಲ್ಲ, ಎಂಜಿನ್ನಿನ ಹೊಗೆಯನ್ನು ಹೊರಹಾಕುವ ಎಕ್ಸಾಸ್ಟ್ ಮಾತ್ರ ಮೊದಲು ತೀರ್ಮಾನವಾಗಬೇಕಂತೆ. ಮೂವರಿಗೂ ಬೇರೆಬೇರೆ ಉತ್ತರ ಬರೆದು ಬೇಸತ್ತು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ನನ್ನದು 1969ರ ಪಾಂಟಿಯಾಕ್ ಲೆಮಾನ್ಸ್, 350 ಘನ ಅಂಗುಲದ, ಅಂದರೆ 5.7 ಲೀಟರಿನ ವಿ-8. ಅದೇ ಕಂಪನಿಯ ಹೆಸರಾಂತ ಜಿಟಿಒ ಕೊಳ್ಳಲು ಹಣವಿಲ್ಲದವರು ಕೊಳ್ಳುವ ಕಾರು. ಆರು ವರ್ಷಗಳಲ್ಲಿ ಅದರ ಕೆಳಗೆ ನಾಲ್ಕು ಬಗೆಯ ಮಫ್ಲರ್‌ಗಳನ್ನು ಹಾಕಿ ತೆಗೆದಿದ್ದೇನೆ. ಊರಿನಲ್ಲಿ ಮಫ್ಲರ್ ಎಂದರೆ ಡಿಸೆಂಬರ್ ಚಳಿಗೆ ಅಜ್ಜ ಕಿವಿಗೆ ಸುತ್ತಿಕೊಳ್ಳುತ್ತಿದ್ದ ಉಣ್ಣೆಯ ಪಟ್ಟಿ. ಇಲ್ಲಿ ಅದು ನಾವು ಸೈಲೆನ್ಸರ್ ಎನ್ನುವ ತಗಡಿನ ಡಬ್ಬಿ.

ಯಾವ ಡಬ್ಬಿ ಕೊಳ್ಳಬೇಕು ಎನ್ನುವುದಕ್ಕೆ ಮೊದಲು, ಉಳಿಸಿಕೊಳ್ಳಬೇಕಾದ ಆ 'ಹಳೆಯ ಸದ್ದು' ಎಂದರೆ ಏನು ಎಂಬುದು ಗೊತ್ತಿರಬೇಕು. ಇದನ್ನು ಮೇಜಿನ ಮೇಲೆ ಎರಡು ಕೈಗಳಲ್ಲಿ ತಟ್ಟಿ ನೋಡಬಹುದು. ಎಂಟು ಸಿಲಿಂಡರ್‌ಗಳು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಎಂಟೂ ಒಮ್ಮೊಮ್ಮೆ ಸಿಡಿಯುತ್ತವೆ, ಸರಿಯಾಗಿ 90 ಡಿಗ್ರಿಗೊಂದರಂತೆ. ಆದಿತಾಳದ ಎಂಟು ಎಣಿಕೆ ಎಂದುಕೊಳ್ಳಿ. ಶೆವ್ರೊಲೆ ಮತ್ತು ಪಾಂಟಿಯಾಕ್ ವಿ-8ಗಳಲ್ಲಿ ಸಿಡಿಯುವ ಕ್ರಮ 1-8-4-3-6-5-7-2. ಬೆಸ ಸಂಖ್ಯೆಯವು ಎಡಗಡೆ, ಸರಿ ಸಂಖ್ಯೆಯವು ಬಲಗಡೆ. ಈಗ ತಟ್ಟಿ: ಎಡ, ಬಲ, ಬಲ, ಎಡ, ಬಲ, ಎಡ, ಎಡ, ಬಲ. ಎರಡೂ ಕೈಗಳನ್ನು ಸೇರಿಸಿ ಕೇಳಿದರೆ ಎಂಟು ಸಮನಾದ ಪೆಟ್ಟು, ಹೊಲಿಗೆ ಯಂತ್ರದ ಹಾಗೆ. ಬಲಗೈಯನ್ನು ನಿಲ್ಲಿಸಿ ಎಡಗೈಯನ್ನಷ್ಟೇ ತಟ್ಟಿದರೆ ಒಂದು, ನಾಲ್ಕು, ಆರು, ಏಳು. ಕುಂಟುವ, ತಡವರಿಸುವ, ಮತ್ತೆ ಧಾವಿಸುವ ತಾಳ. ಆ ಕುಂಟು ನಡೆಯೇ ಅಮೆರಿಕದ ಕಾರುಗಳ ತವರೂರು ಡೆಟ್ರಾಯಿಟ್‌ನ ಗುಡುಗುಡು. ಫೋರ್ಡ್ 289ರಲ್ಲಿ ಸಿಲಿಂಡರ್‌ಗಳನ್ನು ಎಣಿಸುವ ರೀತಿ ಬೇರೆ, ಕ್ರಮ 1-5-4-2-6-3-7-8. ಆದರೂ ಎಡಬಲದ ಸುತ್ತು ಇದೇ, ಶುರುವಾಗುವ ಜಾಗ ಮಾತ್ರ ಬೇರೆ.

ಹಾಗಾಗಿ ಎಡಗಡೆಯ ಹೊಗೆಯೂ ಬಲಗಡೆಯ ಹೊಗೆಯೂ ಎಲ್ಲಿ, ಎಷ್ಟು ಬೆರೆಯುತ್ತವೆ ಎನ್ನುವುದು ದನಿಯ ಗುಣವನ್ನು ತೀರ್ಮಾನಿಸುತ್ತದೆ. ಮಫ್ಲರ್ ತೀರ್ಮಾನಿಸುವುದು ಬಹುಮಟ್ಟಿಗೆ ಅದರ ಗಟ್ಟಿತನವನ್ನು. ಈ ಎರಡನ್ನು ಗೊಂದಲ ಮಾಡಿಕೊಂಡವರೇ ಸಾವಿರಾರು ಡಾಲರ್ ಸುರಿದು, ಕೊನೆಗೆ "ಜೋರೇನೋ ಆಯಿತು, ಆದರೆ ಇದು ನನ್ನ ಕಾರಿನ ದನಿಯಲ್ಲ" ಎನ್ನುವುದು.

ಅಳೆಯುವುದು ಹೇಗೆ

ನಾನು ಯಾವುದೇ ಆಯ್ಕೆಗೆ ನಾಲ್ಕು ಪ್ರಶ್ನೆ ಹಾಕುತ್ತೇನೆ. ಆ ಕುಂಟುತಾಳ ಉಳಿಯುತ್ತದೆಯೇ? ಹೆದ್ದಾರಿಯಲ್ಲಿ ಒಂದು ಗಂಟೆ ಕೂತರೆ ತಲೆ ನೋಯುತ್ತದೆಯೇ? ಬೇಡವೆನಿಸಿದರೆ ತೆಗೆದುಹಾಕಲು ಎಷ್ಟು ಖರ್ಚು? ಪೊಲೀಸರು ಮತ್ತು ಪಕ್ಕದ ಮನೆಯವರು ಏನೆನ್ನುತ್ತಾರೆ? ಹಾರ್ಸ್‌ಪವರ್ ಈ ಪಟ್ಟಿಯಲ್ಲಿಲ್ಲ. ಬೀದಿಯಲ್ಲಿ ಓಡುವ ಸಾಮಾನ್ಯ 350ಕ್ಕೆ ಮಫ್ಲರ್ ಬದಲಿಸಿ ಸಿಗುವ ಶಕ್ತಿ ನಿಮ್ಮ ಬೆನ್ನಿಗೆ ಗೊತ್ತಾಗುವುದಿಲ್ಲ. ಗೊತ್ತಾಯಿತು ಎನ್ನುವವರ ಕಿವಿ ಅವರನ್ನು ಮೋಸಗೊಳಿಸುತ್ತಿದೆ.

ಎರಡನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ನಿಂತ ಕಾರಿನಲ್ಲಿ ಗಡಗಡ ಎನ್ನಿಸಿ ಖುಷಿಪಟ್ಟು ಹಣ ಕೊಟ್ಟು ಬರುತ್ತಾರೆ. ನನ್ನ ಕಾರಿನ ಹಿಂದಿನ ಆಕ್ಸಲ್ ಅನುಪಾತ 2.56, ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಮ್ಮೆ ತಿರುಗಿದರೆ ಎಂಜಿನ್ 2.56 ಸುತ್ತು. ಗಂಟೆಗೆ 65 ಮೈಲಿಯಲ್ಲಿ ಎಂಜಿನ್ ತಿರುಗುವುದು ನಿಮಿಷಕ್ಕೆ ಸುಮಾರು 2,200 ಸುತ್ತು. ಒಂದೊಂದು ಸುತ್ತಿಗೂ ನಾಲ್ಕು ಸಿಡಿತ, ಅಂದರೆ ಸೆಕೆಂಡಿಗೆ ಸುಮಾರು 147. ಈ ಕೆಳದನಿಗೆ ಕಾರಿನ ಒಳಗಿನ ಗಾಳಿ, ನೆಲದ ತಗಡು, ಡಿಕ್ಕಿಯ ಮುಚ್ಚಳ ಎಲ್ಲವೂ ತಂಬೂರಿಯ ಬುರುಡೆಯ ಹಾಗೆ ಜೊತೆಗೂಡಿ ಮಿಡಿಯುತ್ತವೆ. ಅಮೆರಿಕನ್ನರು ಇದನ್ನು 'ಡ್ರೋನ್' ಎನ್ನುತ್ತಾರೆ. ಐ-75 ಹೆದ್ದಾರಿಯಲ್ಲಿ ಹೋಗುವಾಗ ನನ್ನ ಹೆಂಡತಿ ಹಾಸನದಲ್ಲಿರುವ ಅವಳ ಅಮ್ಮನ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದಳು. ಎರಡು ನಿಮಿಷ ಕೇಳಿಸಿಕೊಂಡ ಅತ್ತೆ, "ಇಷ್ಟು ಹೊತ್ತಿನಲ್ಲಿ ಹಿಟ್ಟಿನ ಗಿರಣಿಗೆ ಯಾಕೆ ಹೋಗಿದ್ದೀಯೆ?" ಎಂದು ಕೇಳಿದರು. ಆ ಮಫ್ಲರ್ ಮರುವಾರವೇ ಇಳಿಯಿತು.

ಮೊದಲು ಕೊಳವೆಗಳ ಹಾದಿ

ಕಾರಿನಲ್ಲಿ ಈಗ ಒಂದೇ ಎಕ್ಸಾಸ್ಟ್ ಕೊಳವೆ ಇದ್ದರೆ, ಮಫ್ಲರ್ ಮಾತು ಬಿಡಿ. ಎರಡೂ ಕಡೆಯ ಹೊಗೆ ಮುಂದೆಯೇ ಸೇರಿಹೋಗಿ ಕುಂಟುತಾಳ ಅಲ್ಲಿಯೇ ಬಹುಪಾಲು ಅಳಿಸಿರುತ್ತದೆ. ಅದರ ಮೇಲೆ ಎಷ್ಟು ಗಟ್ಟಿ ಮಫ್ಲರ್ ಹಾಕಿದರೂ ಗಟ್ಟಿಯಾಗುವುದು ಹೊಲಿಗೆ ಯಂತ್ರವೇ. ನನ್ನ ಲೆಮಾನ್ಸ್ ಬಂದಾಗ ಹಾಗೆಯೇ ಇತ್ತು. ಮೊದಲ ಹಣ ಹೋಗಬೇಕಾದದ್ದು ಎರಡು ಪ್ರತ್ಯೇಕ ಕೊಳವೆಗಳಿಗೆ. ಅಲ್ಯೂಮಿನಿಯಂ ಲೇಪಿತ ಉಕ್ಕಿನಲ್ಲಿ ಇಡೀ ಜೋಡಿ ಕೊಳವೆಯ ಕಿಟ್ 500ರಿಂದ 700 ಡಾಲರ್, ಸ್ಟೇನ್‌ಲೆಸ್ ಬೇಕಾದರೆ ಸಾವಿರದ ಆಸುಪಾಸು.

ಎರಡು ಕೊಳವೆಗಳ ನಡುವೆ ಸೇತುವೆ ಬೇಕೇ? ಏನೂ ಇಲ್ಲದೆ ಬಿಟ್ಟರೆ ಅತ್ಯಂತ ಒರಟು, ಬಡಬಡ ಎನ್ನುವ, ಐವತ್ತರ ದಶಕದ ದನಿ. ಅಡ್ಡಕ್ಕೆ ಒಂದು ಸಣ್ಣ ಕೊಳವೆ ಬೆಸೆದರೆ ಅದು ಎಚ್ ಪೈಪ್. ಒತ್ತಡ ಸ್ವಲ್ಪ ಆಚೀಚೆ ಹಂಚಿಹೋಗಿ ಮೂಲೆಗಳು ಮೆತ್ತಗಾಗುತ್ತವೆ, ಡ್ರೋನ್ ತುಸು ಇಳಿಯುತ್ತದೆ, ತಾಳ ಮಾತ್ರ ಕೆಡುವುದಿಲ್ಲ. ಎಕ್ಸ್ ಪೈಪ್ ಎರಡು ಹೊಳೆಗಳನ್ನು ಒಂದು ಬಿಂದುವಿನಲ್ಲಿ ಸೇರಿಸಿ ಮತ್ತೆ ಬೇರ್ಪಡಿಸುತ್ತದೆ. ಸದ್ದು ನಯವಾಗಿ, ಎತ್ತರದ ಸ್ಥಾಯಿಗೆ ಏರಿ, ಯುರೋಪಿನ ರೇಸ್ ಕಾರಿನ ಕಡೆ ವಾಲುತ್ತದೆ. ಕೆಟ್ಟದ್ದೆಂದು ಹೇಳುತ್ತಿಲ್ಲ, ಹೊಸ ಮಸ್ಟ್ಯಾಂಗ್‌ಗೆ ಅದು ಒಪ್ಪುತ್ತದೆ. 1970ರ ಶೆವೆಲ್‌ಗೆ ಬೇಡ. ಫೋರ್ಡ್ ಜಿಟಿ40 ರೇಸ್ ಕಾರಿನ ಹಾವಿನ ಗಂಟಿನಂಥ ಕೊಳವೆಗಳು ಇದೇ ದಾರಿಯ ಕೊನೆಯ ಮೈಲಿಗಲ್ಲು: ಎಡಬಲದ ಸಿಲಿಂಡರ್‌ಗಳನ್ನು ಬೇಕೆಂದೇ ಹೆಣೆದು ಪೆಟ್ಟುಗಳನ್ನು ಸಮ ಮಾಡಿದ್ದು. ಅದ್ಭುತ ಸದ್ದು, ಆದರೆ ಬೇರೆಯೇ ಪ್ರಾಣಿಯದು.

ಎಚ್ ಪೈಪ್‌ನ ಅಡ್ಡ ಕೊಳವೆ ಎಲ್ಲಿರಬೇಕು ಎನ್ನುವುದಕ್ಕೆ ಹಳೆಯ ಮೆಕ್ಯಾನಿಕ್‌ಗಳದೊಂದು ಉಪಾಯವಿದೆ. ಕೊಳವೆಗೆ ಉದ್ದಕ್ಕೂ ಸಾಮಾನ್ಯ ಬಣ್ಣ ಹಚ್ಚಿ ಕಾರನ್ನು ಓಡಿಸಿ ತರುವುದು, ಬಣ್ಣ ಎಲ್ಲಿಯವರೆಗೆ ಸುಟ್ಟು ಹೋಗಿದೆಯೋ ಅಲ್ಲಿ ಬೆಸೆಯುವುದು. ಬಹುಪಾಲು ಕಾರುಗಳಲ್ಲಿ ಗೇರ್‌ಬಾಕ್ಸಿನ ಅಡ್ಡಪಟ್ಟಿಯೇ ಜಾಗವನ್ನು ನಿರ್ಧರಿಸಿಬಿಡುತ್ತದೆ, ಅದು ಬೇರೆ ಮಾತು.

ಕೊಳವೆಯ ವ್ಯಾಸ 2.25 ಅಥವಾ 2.5 ಅಂಗುಲ ಸಾಕು. 3 ಅಂಗುಲದ್ದನ್ನು ಸಾಧಾರಣ ಎಂಜಿನ್ನಿಗೆ ಹಾಕಿದರೆ ಖಾಲಿ ಡ್ರಮ್ಮಿನೊಳಗೆ ಕೆಮ್ಮಿದಂತೆ ಕೇಳುತ್ತದೆ.

ಈಗ ಮಫ್ಲರ್

ಟರ್ಬೊ ಮಫ್ಲರ್ ಎಂಬ ಹೆಸರು ಕೇಳಿ ಯಾರೂ ಹಿಗ್ಗಬಾರದು. 1962ರಲ್ಲಿ ಶೆವ್ರೊಲೆ ಕಾರ್ವೇರ್‌ಗೆ ಟರ್ಬೋಚಾರ್ಜರ್ ಹಾಕಿದಾಗ ಹೊಗೆಗೆ ತಡೆ ಕಡಿಮೆ ಇರುವ ದೊಡ್ಡ ಮಫ್ಲರ್ ಬೇಕಾಯಿತು. ಹಾಟ್‌ರಾಡ್ ಹುಡುಗರು, ಅಂದರೆ ಕಾರುಗಳನ್ನು ಮಾರ್ಪಡಿಸಿ ವೇಗವಾಗಿ ಓಡಿಸುವವರು, ಅದನ್ನು ತಂದು ತಮ್ಮ ವಿ-8ಗಳಿಗೆ ಕಟ್ಟಿಕೊಂಡರು, ಹೆಸರು ಉಳಿಯಿತು. ಒಳಗೆ ಹೊಗೆ ಎಸ್ ಆಕಾರದಲ್ಲಿ ಹಿಂದೆ ಮುಂದೆ ಓಡಿ ಹೊರಬರುತ್ತದೆ. ಒಂದಕ್ಕೆ 40ರಿಂದ 60 ಡಾಲರ್. ಕಾರ್ಖಾನೆಯ ಮಫ್ಲರ್‌ಗಿಂತ ಸ್ಪಷ್ಟವಾಗಿ ಗಟ್ಟಿ, ದನಿ ತುಂಬು, ಡ್ರೋನ್ ಕಡಿಮೆ. ಇದನ್ನು ಹಾಕಿಸಿದ್ದೇನೆ ಎಂದು ಯಾರೂ ಜಂಬ ಕೊಚ್ಚಿಕೊಳ್ಳುವುದಿಲ್ಲ, ಅದೊಂದೇ ಇದರ ದೋಷ. ಕುಟುಂಬವನ್ನು ಕೂರಿಸಿಕೊಂಡು ದೂರ ಹೋಗುವವರು ಇಲ್ಲಿಗೇ ನಿಲ್ಲಬಹುದು.

ಗ್ಲಾಸ್‌ಪ್ಯಾಕ್ ಬಡವರ ಪ್ರೀತಿ. ಉದ್ದನೆಯ ತೆಳ್ಳನೆಯ ಕೊಳವೆ, ಅದರೊಳಗೆ ತೂತು ಕೊರೆದ ಇನ್ನೊಂದು ಕೊಳವೆ, ನಡುವೆ ಗಾಜಿನ ನಾರು. ಕೆಂಪು ಬಣ್ಣದ ಚೆರ್ರಿ ಬಾಂಬ್ ಇದರಲ್ಲಿ ಪ್ರಸಿದ್ಧ. 30ರಿಂದ 50 ಡಾಲರಿಗೆ ಒಂದು. ಮೃದಂಗದ ಎಡ ಮುಚ್ಚಳಕ್ಕೆ ರವೆ ಮೆತ್ತಿ ದನಿ ತಗ್ಗಿಸುತ್ತಾರಲ್ಲ, ಆ ನಾರಿನ ಕೆಲಸವೂ ಅಂಥದೇ. ರವೆ ಒಣಗಿ ಉದುರಿದರೆ ಮೃದಂಗ ಕೆಟ್ಟಂತೆ ನಾರು ಸುಟ್ಟುಹೋದರೆ ಗ್ಲಾಸ್‌ಪ್ಯಾಕ್ ಕೆಡುತ್ತದೆ. ನನ್ನದು ಎರಡು ಬೇಸಿಗೆ ಚೆನ್ನಾಗಿತ್ತು. ಮೂರನೆಯ ಬೇಸಿಗೆಯಲ್ಲಿ ಒಂದು ದಿನ ಕಾರಿನ ಹಿಂದೆ ಕೂತು ನೋಡಿದರೆ, ಕೊಳವೆಯ ತುದಿಯಲ್ಲಿ ಮುದುಕರ ಕಿವಿಗೂದಲಿನ ಹಾಗೆ ನಾಲ್ಕು ಬಿಳಿ ಎಳೆಗಳು ಅಲ್ಲಾಡುತ್ತಿದ್ದವು. ಅಲ್ಲಿಂದ ಮುಂದೆ ವಾರಕ್ಕೊಂದು ಹದ ಜೋರಾಗುತ್ತ, ಗಂಟಲು ಒಡೆದು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಎನ್ನತೊಡಗಿತು. ಆ ಪಟಪಟವನ್ನೇ ಬಯಸುವವರಿದ್ದಾರೆ, ಹಳೆಯ ಸದ್ದಿಗೆ ಅದೂ ಸೇರಿದ್ದೇ. ನೀವು ಕೊಳ್ಳುವ ದಿನದ ಸದ್ದು ಅದರ ನಿಜವಾದ ಸದ್ದಲ್ಲ ಎಂಬುದಷ್ಟೇ ನೆನಪಿರಲಿ. ಉದ್ದ ಹೆಚ್ಚಿದ್ದಷ್ಟೂ ಮೃದು. ಒಂದಡಿಯದ್ದನ್ನು ಬಿಟ್ಟು ಎರಡಡಿ ಮೀರಿದ್ದನ್ನು ಹುಡುಕಿ.

ಕೋಣೆಗಳಿರುವ ಮಫ್ಲರ್, ಅಂದರೆ ಚೇಂಬರ್ಡ್, ಇಂದು ಅತಿ ಹೆಚ್ಚು ಕೇಳಿಬರುವ ದನಿ. ಫ್ಲೋಮಾಸ್ಟರ್ ಎಂಬ ಕಂಪನಿಯ 40 ಸರಣಿ ಇದಕ್ಕೆ ಹೆಸರುವಾಸಿ. ಒಳಗೆ ನಾರಿಲ್ಲ, ಓರೆಯಾಗಿ ಬೆಸೆದ ತಗಡಿನ ಗೋಡೆಗಳಿವೆ. ಸದ್ದಿನ ಅಲೆಗಳು ಅಲ್ಲಿ ಬಡಿದು ಒಂದನ್ನೊಂದು ಅಳಿಸುತ್ತವೆ. ಸುಟ್ಟುಹೋಗಲು ಏನೂ ಇಲ್ಲದ್ದರಿಂದ ಹತ್ತು ವರ್ಷದ ಮೇಲೂ ಅದೇ ದನಿ. ದನಿ ಕಂಚಿನದು, ಎದೆಗೆ ಗುದ್ದುವಂಥದು. ಹತ್ತಿರದ ಸಿಗ್ನಲ್‌ನಲ್ಲಿ ನಿಂತಾಗ ಇದರಷ್ಟು ಚೆಂದ ಬೇರೆ ಇಲ್ಲ. ಆದರೆ ನಮ್ಮ ಅತ್ತೆಗೆ ಹಿಟ್ಟಿನ ಗಿರಣಿಯಾಗಿ ಕೇಳಿಸಿದ್ದು ಇದೇ ಬಗೆಯದು. ಅಂಥ ಮಫ್ಲರ್ ಕೆಲವು ದನಿಗಳನ್ನು ಅಳಿಸುತ್ತದೆ, ಕೆಲವನ್ನು ಹಾಗೆಯೇ ಬಿಡುತ್ತದೆ. ಬಿಟ್ಟದ್ದು ನಿಮ್ಮ ಹೆದ್ದಾರಿ ವೇಗಕ್ಕೆ ತಾಳೆಯಾದರೆ ಮುಗಿಯಿತು. ಎರಡು ಕೋಣೆಯದ್ದಕ್ಕಿಂತ ಮೂರು ಕೋಣೆಯದ್ದು, ಉದಾಹರಣೆಗೆ ಅದೇ ಕಂಪನಿಯ 50 ಸರಣಿ, ಸ್ವಲ್ಪ ಸೌಮ್ಯ. ಒಂದಕ್ಕೆ ಸುಮಾರು ನೂರು ಡಾಲರ್. ವಾರಾಂತ್ಯಕ್ಕೆ ಹತ್ತು ಮೈಲಿ ಹೋಗಿ ಐಸ್‌ಕ್ರೀಂ ತಿಂದು ಬರುವವರಿಗೆ ಇದು ಸರಿ.

ಇದರ ಅಜ್ಜನೊಬ್ಬ ಇದ್ದಾನೆ. 1969ರಲ್ಲಿ ಶೆವ್ರೊಲೆ ಕ್ಯಾಮರೊಗೆ ಎನ್‌ಸಿ8 ಎಂಬ ಆಯ್ಕೆ ಕೊಡುತ್ತಿತ್ತು. ಡಬ್ಬಿಯೇ ಇಲ್ಲ, ಕೊಳವೆಯ ಉದ್ದಕ್ಕೂ ಸಣ್ಣ ಸಣ್ಣ ಕೋಣೆಗಳು. ಅದರ ನಕಲುಗಳು ಇಂದೂ ಸಿಗುತ್ತವೆ. ಕ್ಯಾಮರೊ ಅಥವಾ ಶೆವೆಲ್ ಇದ್ದು, ಮೂಲದಂತೆ ಕಾಣಬೇಕು, ಮೂಲದಂತೆ ಗರ್ಜಿಸಬೇಕು, ಹಣದ ಚಿಂತೆ ಇಲ್ಲ ಎನ್ನುವವರು ಬೇರೇನನ್ನೂ ನೋಡಬೇಕಾಗಿಲ್ಲ. ಹೆದ್ದಾರಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ನೇರ ಕೊಳವೆಯ ಸ್ಟೇನ್‌ಲೆಸ್ ಮಫ್ಲರ್ (ಮ್ಯಾಗ್ನಾಫ್ಲೋ, ಬೋರ್ಲಾ ಬಗೆಯವು) ತತ್ತ್ವದಲ್ಲಿ ಗ್ಲಾಸ್‌ಪ್ಯಾಕ್ ಜಾತಿಯದೇ. ಹೊಟ್ಟೆ ದೊಡ್ಡದು, ನಾರಿನ ಜೊತೆ ಉಕ್ಕಿನ ಜಾಲರಿಯೂ ಇರುವುದರಿಂದ ಬೇಗ ಸುಡುವುದಿಲ್ಲ. ಡ್ರೋನ್ ಬಹಳ ಕಡಿಮೆ, ಆಕ್ಸಿಲರೇಟರ್ ತುಳಿದಾಗ ಮಾತ್ರ ಬಾಯಿ ತೆರೆಯುತ್ತದೆ. ಬೆಲೆ ಒಂದಕ್ಕೆ 100ರಿಂದ 180. ಇದರ ದನಿ ತುಸು ಹೊಸ ಕಾಲದ್ದು, ಶುಭ್ರವಾದದ್ದು ಎಂಬ ದೂರಿದೆ. ಆ ದೂರಿಗೆ ಅರ್ಧ ಕಾರಣ ಜನ ಇದನ್ನು ಎಕ್ಸ್ ಪೈಪ್ ಜೊತೆ ಸೇರಿಸಿ ಕೊಳ್ಳುವುದು. ಎಚ್ ಪೈಪ್ ಜೊತೆಗೆ ಹಾಕಿ ಕೇಳಿ. ನನ್ನ ಕಾರಿನ ಕೆಳಗೆ ಈಗ ಇರುವುದು ಅದೇ, ನಾಲ್ಕನೆಯದು.

ಬಾಗಿಲು ತೆರೆಯುವ ಆಯ್ಕೆ

ಮನೆ ಮುಂದೆ ಮೆಲ್ಲಗೆ, ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಜೋರಾಗಿ, ಎರಡೂ ಬೇಕು ಎನ್ನುವವರಿಗೆ ಕಟ್‌ಔಟ್ ಇದೆ. ಮಫ್ಲರ್‌ಗೆ ಮುಂಚೆಯೇ ಕೊಳವೆಗೊಂದು ಕವಲು, ಕವಲಿಗೊಂದು ಬಾಗಿಲು, ಬಾಗಿಲಿಗೊಂದು ವಿದ್ಯುತ್ ಮೋಟರು. ಗುಂಡಿ ಒತ್ತಿದರೆ ಹೊಗೆ ಮಫ್ಲರನ್ನು ದಾಟದೆ ನೇರ ಹೊರಗೆ. ಜೋಡಿಗೆ 200ರಿಂದ 400 ಡಾಲರ್.

ಇದು ಹೊಸ ಕನಸಲ್ಲ. 1970ರ ಮಾದರಿಯ ಜಿಟಿಒಗೆ ಪಾಂಟಿಯಾಕ್ ಕಂಪನಿಯೇ ಡ್ಯಾಶ್‌ಬೋರ್ಡಿನ ಕೆಳಗೆ ಎಳೆಯುವ ಗುಂಡಿಯೊಂದನ್ನು ಕೊಟ್ಟಿತ್ತು. ಎಳೆದರೆ ಎಂಜಿನ್ನಿನ ನಿರ್ವಾತದ ಬಲದಿಂದ ಮಫ್ಲರ್‌ಗಳ ಒಳಗಿನ ತಡೆ ತೆರೆದುಕೊಳ್ಳುತ್ತಿತ್ತು. ಆ ವರ್ಷದ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ಅದರ ಜಾಹೀರಾತೂ ಬಂತು. ಪಾಂಟಿಯಾಕ್‌ನ ಒಡೆಯ ಸಂಸ್ಥೆ ಜನರಲ್ ಮೋಟರ್ಸ್‌ನ ದೊಡ್ಡವರು ನೋಡಿ ಹೌಹಾರಿ ಜಾಹೀರಾತನ್ನೂ ಗುಂಡಿಯನ್ನೂ ನಿಲ್ಲಿಸಿದರು. ಅಷ್ಟರೊಳಗೆ ತಯಾರಾಗಿದ್ದದ್ದು 233 ಕಾರುಗಳು. ಇಂದು ಅಂಥದೊಂದು ಮಾರಾಟಕ್ಕೆ ಬಂದರೆ ಸುತ್ತ ಜನ ನೆರೆಯುತ್ತಾರೆ.

ಕಟ್‌ಔಟ್ ಬಗ್ಗೆ ನನ್ನ ತಕರಾರು ಮೂರು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಬೀದಿಯ ಕಾರಿಗೆ ಇದು ಕಾನೂನುಬಾಹಿರ, ಕ್ಯಾಲಿಫೋರ್ನಿಯಾದಲ್ಲಂತೂ ಖಂಡಿತ. ಮಸ್ಟ್ಯಾಂಗ್‌ನವರು ಇಲ್ಲಿಯೇ ಈ ಆಸೆ ಬಿಡಲಿ. ಅಲ್ಲಿ ಕಾರುಗಳ ಎಕ್ಸಾಸ್ಟ್ ಸದ್ದಿಗೆ 95 ಡೆಸಿಬಲ್ ಮಿತಿ ಬೇರೆ ಇದೆ. ಎರಡನೆಯದು, ಹೊಗೆ ಕಾರಿನ ನಡುಮಧ್ಯದಲ್ಲೇ ಹೊರಬರುತ್ತದೆ, ಐವತ್ತು ವರ್ಷದ ನೆಲದ ತಗಡಿನಲ್ಲಿ ತೂತುಗಳಿರುತ್ತವೆ, ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಹಿಂದಿನ ಆಕ್ಸಲ್‌ಗೆ ಮುಂಚೆಯೇ ಕೊಳವೆ ಕತ್ತರಿಸಿ ಬಿಡುವವರಿಗೂ ಇದೇ ಮಾತು: ಹಿಂದಿನ ಬಂಪರ್‌ವರೆಗೆ ಕೊಂಡೊಯ್ಯಿರಿ. ಮೂರನೆಯದು ಸ್ವಂತ ಅನುಭವ. ಗೆಳೆಯರೊಬ್ಬರ ಕಾರಿಗೆ ನಾನೇ ಕೂಡಿಸಿದ ಬಾಗಿಲೊಂದು ತುಕ್ಕು ಹಿಡಿದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತು. ಭಾನುವಾರ ಬೆಳಿಗ್ಗೆ ಏಳಕ್ಕೆ, ಚೋಕ್ ಎಳೆದ ತಣ್ಣನೆಯ ಎಂಜಿನ್ ಕಿರುಚುತ್ತಿದ್ದಾಗ, ಪಕ್ಕದ ಮನೆಯ ಅಜ್ಜಿ ನೈಟಿಯಲ್ಲೇ ಹೊರಬಂದು ನಮ್ಮಿಬ್ಬರನ್ನೂ ನೋಡಿದ ನೋಟವನ್ನು ಮರೆಯಲಾರೆ. ಕರ್ನಾಟಕದಲ್ಲಿ ಪೊಲೀಸರು ಮಾರ್ಪಡಿಸಿದ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದಾಗೆಲ್ಲ ಆ ಅಜ್ಜಿ ನೆನಪಾಗುತ್ತಾರೆ.

ಮುಂದಿನ ತುದಿ

ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎರಕದ ಮ್ಯಾನಿಫೋಲ್ಡ್ ತೆಗೆದು, ಸಿಲಿಂಡರಿಗೊಂದು ಉದ್ದ ಕೊಳವೆ ಇರುವ ಹೆಡರ್ ಹಾಕಿದರೆ ಸದ್ದು ಹರಿತವಾಗುತ್ತದೆ, ತೆಳು ತಗಡು ಟಿಕಟಿಕ ಎನ್ನುತ್ತದೆ. ದಪ್ಪ ಎರಕ ನುಂಗುತ್ತಿದ್ದ ಸದ್ದೆಲ್ಲ ಹೊರಗೆ. ನಿಜವಾದ ಶಕ್ತಿ ಸಿಗುವುದೂ ಇಲ್ಲಿಯೇ. ಆದರೆ ಸ್ಪಾರ್ಕ್ ಪ್ಲಗ್ ಬದಲಿಸುವಾಗ ಕೈ ಸುಟ್ಟುಕೊಂಡು ಬೈದುಕೊಳ್ಳುತ್ತೀರಿ, ಗ್ಯಾಸ್ಕೆಟ್ ಮೇಲಿಂದ ಮೇಲೆ ಸೋರುತ್ತದೆ. ಬರೀ ಸದ್ದಿಗಾಗಿ ಇದನ್ನು ಮಾಡುವುದು ದುಬಾರಿ.

ಶೆವೆಲ್‌ನವರು ಕಳಿಸಿದ ಧ್ವನಿಯಲ್ಲಿ ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಬೇರೆಯೇ. "ಸಿಗ್ನಲ್‌ನಲ್ಲಿ ನಿಂತಾಗ ಕಾರು ಇಡೀ ಅಲುಗುತ್ತ ಲಂಪ್-ಲಂಪ್ ಎನ್ನಬೇಕು" ಎಂದಿದ್ದರು. ಅದು ಯಾವ ಮಫ್ಲರ್‌ನಲ್ಲೂ ಸಿಗುವುದಿಲ್ಲ. ಅದು ಕ್ಯಾಮ್‌ಶಾಫ್ಟ್‌ನ, ಅಂದರೆ ಕವಾಟಗಳನ್ನು ತೆರೆಯುವ ದಂಡದ, ಕೆಲಸ. ಒಳಬರುವ ಮತ್ತು ಹೊರಹೋಗುವ ಕವಾಟಗಳು ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಾದಂತೆ ಐಡಲ್, ಅಂದರೆ ನಿಂತ ಕಾರಿನ ಎಂಜಿನ್ನಿನ ಓಟ, ಒರಟಾಗುತ್ತದೆ. ಬೆಲೆಯಾಗಿ ಕೆಳವೇಗದ ಎಳೆತ ಹೋಗುತ್ತದೆ, ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ಗೆ ನಿರ್ವಾತ ಸಾಲದಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಮಿತವಾದ ಕ್ಯಾಮ್, ಎಚ್ ಪೈಪ್, ಟರ್ಬೊ ಮಫ್ಲರ್: ಈ ಜೋಡಣೆ ಕಾರ್ಖಾನೆಯ ಮೂಲ ಕ್ಯಾಮ್‌ನ ಜೊತೆಗಿನ ಬೊಬ್ಬೆ ಮಫ್ಲರ್‌ಗಿಂತ ಹೆಚ್ಚು 'ಹಳೆಯದಾಗಿ' ಕೇಳುತ್ತದೆ. ಅವರು ಒಪ್ಪಿದ್ದಾರೆ, ಚಳಿಗಾಲದಲ್ಲಿ ಎಂಜಿನ್ ಇಳಿಸುತ್ತಾರಂತೆ.

ಮಸ್ಟ್ಯಾಂಗ್‌ನವರಿಗೆ ಎಚ್ ಪೈಪ್ ಇರುವ 2.25 ಅಂಗುಲದ ಜೋಡಿ ಕೊಳವೆ, ಮೇಲೆ ಉದ್ದನೆಯ ಗ್ಲಾಸ್‌ಪ್ಯಾಕ್ ಅಥವಾ ಟರ್ಬೊ. 289ರಂಥ ಚಿಕ್ಕ ಎಂಜಿನ್ನಿಗೆ ಗ್ಲಾಸ್‌ಪ್ಯಾಕ್‌ನ ಗೊಗ್ಗರು ದನಿ ಹೇಳಿ ಮಾಡಿಸಿದಂತಿರುತ್ತದೆ, ನಾರು ಸುಟ್ಟಾಗ ಎಂಬತ್ತು ಡಾಲರಿನಲ್ಲಿ ಎರಡನ್ನೂ ಬದಲಿಸಬಹುದು. ಕಾರನ್ನೇ ಕೊಳ್ಳದವರಿಗೆ ಒಂದೇ ಮಾತು: 1975ರಿಂದ ಈಚಿನದ್ದನ್ನು ಕೊಂಡರೆ ಸಾಮಾನ್ಯವಾಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿರುತ್ತದೆ, ಅದನ್ನು ತೆಗೆಯುವಂತಿಲ್ಲ. ಅದಕ್ಕೆ ಹಿಂದಿನದ್ದನ್ನು ಹುಡುಕಿ.

ಯಾವುದನ್ನೇ ಆರಿಸಿದರೂ, ಹಣ ಕೊಡುವ ಮುನ್ನ ಕಾರನ್ನು ಎತ್ತಿ ಕೆಳಗೊಮ್ಮೆ ನೋಡಿ. ಕೊಳವೆ ಎಲ್ಲಾದರೂ ದೇಹಕ್ಕೆ ತಾಗುತ್ತಿದ್ದರೆ, ನೇತುಹಾಕುವ ರಬ್ಬರ್ ಗಟ್ಟಿಯಾಗಿದ್ದರೆ, ಅದೇ ಅರ್ಧ ಡ್ರೋನ್. ಹೊಸ ಮಫ್ಲರನ್ನು ಮೊದಲ ತಿಂಗಳು ವೆಲ್ಡ್ ಮಾಡಿಸಬೇಡಿ. ಅಗಲ ಪಟ್ಟಿಯ ಕ್ಲ್ಯಾಂಪ್ ಹಾಕಿ ಬಿಗಿದು, ಸಂಜೆ ಹೊತ್ತು ಹೆದ್ದಾರಿಗೆ ಹೋಗಿ, ಕಿಟಕಿ ಏರಿಸಿ, ನಲವತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಪಕ್ಕದ ಸೀಟಿನಲ್ಲಿ ಕೂತವರು ಊರಿಗೆ ಫೋನ್ ಮಾಡಲಿ.